ಓದಲು ಹೋಗುವ ತಾಯಿ, ಊರಲ್ಲಿ ಉಳಿಯುವ ಕೂಸು
(ಬಾಲಗಾಂವದಲ್ಲಿ ಕೂಡಿದ ಕಾರ್ಮಿಕ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ ಇವುಗಳ ವಿಷಯವಾಗಿ ನಾವು ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಒಂದೂವರೆ ವರ್ಷದ ಕೂಸನ್ನು ಬಿಟ್ಟು ದಿನಾಲು ಬಸ್ಸು ಹತ್ತಿ ಓದಲು ಹೋಗುವ ತಾಯಿಯ ವಿಷಯ ಬಂದರೆ, "ಅದು ಹೆಂಗಸರ ಮಾತು, ಮನಿಯೊಳಗ ಬಗೀಹರಿಸ್ಕೊಳ್ಳಲಿ" ಎಂದು ಎದ್ದುಬಿಡುತ್ತೇವೆ. ಅದು ಮನೆಯೊಳಗೆ ಬಗೆಹರಿಯುವುದಿಲ್ಲ. ಬಗೆಹರಿದಂತೆ ಕಂಡ ಮನೆಯಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ಅದರ ಬೆಲೆ ತೆರುತ್ತಿರುತ್ತಾರೆ. ಅವರು ಯಾರು, ಎಷ್ಟು ತೆರುತ್ತಾರೆ ಎಂಬುದನ್ನು ಇಂದು ಲೆಕ್ಕ ಹಾಕಿ ನೋಡೋಣ.

ಜತ್ತ ತಾಲೂಕಿನ ಪೂರ್ವಭಾಗದ ನಮ್ಮ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಅವುಗಳಲ್ಲಿ ಕನ್ನಡದಲ್ಲಿ ಕಲಿಸಬಲ್ಲವರು ಹೊರಗಿನಿಂದ ಬರುವುದಕ್ಕಿಂತ ನಮ್ಮ ಮನೆಗಳಿಂದಲೇ ಬರುವುದು ಒಳಿತು. ಪದವಿ ಮುಗಿಯುವಷ್ಟರಲ್ಲಿ ಮದುವೆಯಾಗಿ, ಸೊಸೆಯಾಗಿ ಬಂದು, ಕೂಸು ಹುಟ್ಟಿದ ಮೇಲೆ ಬಿ.ಎಡ್. ಮಾಡಬೇಕೆನ್ನುವ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ. ನರ್ಸಿಂಗ್ ಕಲಿಯಬೇಕೆನ್ನುವವರೂ ಇದ್ದಾರೆ. ಅವರು ಜತ್ತಕ್ಕೋ, ಗಡಿ ದಾಟಿ ವಿಜಯಪುರಕ್ಕೋ ಹೋಗಿಬರಬೇಕು.

ಬಿ.ಎಡ್. ಅಂಚೆಯಲ್ಲಿ ಪುಸ್ತಕ ತರಿಸಿ ಓದುವಂಥ ಓದಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮದಂತೆ ವಾರಕ್ಕೆ 36 ಗಂಟೆ ಕಾಲೇಜು ನಡೆಯಬೇಕು. ತರಗತಿಗೆ ನೂರಕ್ಕೆ 80ರಷ್ಟು, ಶಾಲೆಯಲ್ಲಿ ಪಾಠ ಮಾಡುವ ತರಬೇತಿಗೆ ನೂರಕ್ಕೆ 90ರಷ್ಟು ಹಾಜರಿ ಬೇಕು. ಆರು ದಿನಕ್ಕೆ ಹಂಚಿದರೆ ದಿನಕ್ಕೆ 6 ಗಂಟೆ. ಹೋಗಿಬರಲು ಬಸ್ಸಿನಲ್ಲಿ ಮೂರು ಗಂಟೆ ಹಿಡಿಯಿರಿ, ಒಟ್ಟು ಒಂಬತ್ತು. ಅಂದರೆ ಆ ಕೂಸನ್ನು ವಾರಕ್ಕೆ 54 ಗಂಟೆ ಬೇರೊಬ್ಬರು ನೋಡಬೇಕು. ಕಾರ್ಖಾನೆಯ ಕೆಲಸಗಾರನನ್ನು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1948ರ ಫ್ಯಾಕ್ಟರಿ ಕಾಯಿದೆ ಗೆರೆ ಎಳೆಯಿತು. ನಮ್ಮ ಮನೆಯ ಅಜ್ಜಿಗೆ ಆ ಗೆರೆ ಇಲ್ಲ. ಸೊಂಟನೋವಿದ್ದರೂ ಅವಳು 54 ಗಂಟೆ ದುಡಿಯುತ್ತಾಳೆ. ಅದನ್ನು ನಾವು ಕೆಲಸವೆಂದು ಕರೆಯುವುದೇ ಇಲ್ಲ. "ಮುದುಕಿ ಮನ್ಯಾಗ ಕುಂತಿರ್ತಾಳ" ಎನ್ನುತ್ತೇವೆ.

ಅಜ್ಜಿ ಇಲ್ಲದ ಮನೆಯಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ. ಹತ್ತು ಹನ್ನೊಂದು ವರ್ಷದ ನಾದಿನಿಯನ್ನೋ ಹಿರಿಯ ಮಗಳನ್ನೋ ಶಾಲೆ ಬಿಡಿಸಿ ಕೂಸನ್ನು ಸೊಂಟಕ್ಕೆ ಏರಿಸುತ್ತೇವೆ. ಮೊದಲು ವಾರಕ್ಕೆ ಎರಡು ದಿನ ಶಾಲೆ ತಪ್ಪುತ್ತದೆ, ಬಳಿಕ ನಾಲ್ಕು ದಿನ. ಆಮೇಲೆ ಅವಳ ಹೆಸರು ಪಟದಲ್ಲಿರುತ್ತದೆ, ಅವಳು ಮನೆಯಲ್ಲಿರುತ್ತಾಳೆ. ಒಬ್ಬಳು ಶಿಕ್ಷಕಿಯಾಗಲೆಂದು ಇನ್ನೊಬ್ಬಳನ್ನು ಅನಕ್ಷರಸ್ಥಳನ್ನಾಗಿ ಮಾಡಿದರೆ ಊರಿಗೆ ಬಂದ ಲಾಭವೇನು?

ಕಾನೂನಿನಲ್ಲಿ ಇದಕ್ಕೆ ದಾರಿಯಿಲ್ಲವೇ ಎಂದು ನೀವು ಕೇಳಬಹುದು. ಫ್ಯಾಕ್ಟರಿ ಕಾಯಿದೆಯಲ್ಲಿ ಶಿಶುಪಾಲನಾ ಕೋಣೆಯ ಮಾತು ಮೊದಲಿನಿಂದ ಇತ್ತು. ಮೊದಲು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ, 1976ರ ತಿದ್ದುಪಡಿಯ ನಂತರ 30ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಅದು ಕಡ್ಡಾಯವಾಯಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಯನ್ನು ತಿದ್ದಿ, 50 ಜನ ನೌಕರರಿರುವ ಸಂಸ್ಥೆಯೂ ಅದನ್ನು ನಡೆಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಕೂಸನ್ನು ನೋಡಿ ಬರಲು ಬಿಡಬೇಕು ಎಂದರು. ಮುಂದೆ ಬಂದ ಸಂಹಿತೆಗಳಲ್ಲಿಯೂ ಎಣಿಕೆ ದುಡಿಯುವವರದೇ. ಓದುವ ತಾಯಿ ಯಾರ ಮಸ್ಟರಿನಲ್ಲೂ ಇಲ್ಲ. ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆಯಿಂದ ನಮ್ಮ ಮಕ್ಕಳಿಗೆ ಆದ ಉಪಕಾರ ಬಹಳ. ಆದರೆ ಅಲ್ಲಿ ಕೂತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು, ಅದೂ ಕೆಲವೇ ತಾಸು. ಮೂರರೊಳಗಿನ ಕೂಸಿನ ಪಾಲಿನ ಆಹಾರ ಮನೆಗೆ ಬರುತ್ತದೆ. ಕೂಸು ಮಾತ್ರ ಮನೆಯಲ್ಲಿಯೇ ಉಳಿಯುತ್ತದೆ.

ಈ ಕಷ್ಟವನ್ನು ನಮಗಿಂತ ಮುಂಚೆ ಕಂಡು ದಾರಿ ಮಾಡಿದವರಿದ್ದಾರೆ. ನಮ್ಮ ರಾಜ್ಯದಲ್ಲಿಯೇ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಚಿಕ್ಕ ಮಕ್ಕಳ ಶಿಕ್ಷಣ ಆರಂಭಿಸಿ, ಬಳಿಕ ಅನುತಾಯಿ ವಾಘರ ಜೊತೆಗೆ ಕೋಸಬಾಡದಲ್ಲಿ ಆದಿವಾಸಿಗಳ ನಡುವೆ ಅದನ್ನು ಬೆಳೆಸಿದರು. ತಮ್ಮ ತಂಗಿಯರನ್ನು ಎತ್ತಿಕೊಂಡಿರುವ ಹುಡುಗಿ ಶಾಲೆಗೆ ಹೇಗೆ ಬಂದಾಳು? ಅದಕ್ಕಾಗಿ ತೊಟ್ಟಿಲಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿದರು. ಕೂಸು ಒಂದು ಕೋಣೆಯಲ್ಲಿ, ಅಕ್ಕ ಪಕ್ಕದ ಕೋಣೆಯಲ್ಲಿ. 1969ರಲ್ಲಿ ದಿಲ್ಲಿಯ ರಾಜಘಾಟದ ಬಳಿ ಕಟ್ಟಡದ ಕೆಲಸಗಾರರ ಕೂಸುಗಳು ಧೂಳಿನಲ್ಲಿ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ನರು ಡೇರೆಯಲ್ಲಿ ಶಿಶುಪಾಲನೆ ಆರಂಭಿಸಿದರು.

ಇನ್ನೊಬ್ಬ ತಾಯಿಯನ್ನು ನಾವು ಮರೆಯಬಾರದು. ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಕನ್ನಡನಾಡಿನ ಪಶ್ಚಿಮಘಟ್ಟದಲ್ಲಿ ಹುಟ್ಟಿದವರು. 1882ರಲ್ಲಿ ಪತಿ ತೀರಿಕೊಂಡಾಗ ಮಗಳು ಮನೋರಮಾಳಿಗೆ ವರ್ಷವೂ ತುಂಬಿರಲಿಲ್ಲ. ಮರುವರ್ಷ ಆ ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಓದಲಿಕ್ಕೆಂದು ಇಂಗ್ಲೆಂಡಿಗೆ ಹಡಗು ಹತ್ತಿದರು. ಅವರು ಚೆಲ್ಟನ್‌ಹ್ಯಾಮಿನ ಕಾಲೇಜಿನಲ್ಲಿದ್ದ ಕಾಲದಲ್ಲಿ ಕೂಸಿನ ಪಾಲನೆಗೆ ವಾಂಟೇಜಿನ ಮಠದ ಸಹೋದರಿಯರು ನೆರವಾದರು. ಆದರೂ ಮಗಳಿಗೆ ಏನು ಬೋಧಿಸಬೇಕೆಂಬುದರಲ್ಲಿ ತಾಯಿಯ ಮಾತೇ ನಡೆಯಬೇಕೆಂದು ರಮಾಬಾಯಿಯವರು ಪಟ್ಟುಹಿಡಿದರು. ನೆರವು ಪಡೆದ ತಾಯಿ ತನ್ನ ಅಧಿಕಾರ ಬಿಟ್ಟುಕೊಟ್ಟಂತಲ್ಲ. ಅದೇ ಮನೋರಮಾ ಬೆಳೆದು ತಾಯಿಗೆ ಬಲಗೈಯಾದರು, ನಮ್ಮ ಕಲಬುರ್ಗಿಯ ಶಾಲೆಯ ಕೆಲಸದಲ್ಲಿಯೂ ತೊಡಗಿದರು.

ಕೂಸನ್ನು ನೋಡುವ ಕೈಗೆ ಕೂಲಿ ಕೊಡಬೇಕೆನ್ನುವುದು ಹೊಸ ಮಾತಲ್ಲ. ಮೋಶೆಯ ಕಥೆ ನಿಮಗೆ ಗೊತ್ತು. ಅಕ್ಕ ನದಿಯ ದಡದಲ್ಲಿ ನಿಂತು ಪೆಟ್ಟಿಗೆಯನ್ನು ಕಾದಳು. ಫರೋಹನ ಕುಮಾರ್ತೆ ಕೂಸಿಗೆ ಹಾಲೂಡಿಸಲು ಹೆಂಗಸನ್ನು ಕರೆಸಿದಳು, ಕರೆಸಿದವಳಿಗೆ ಸಂಬಳ ಕೊಡುವುದಾಗಿ ಹೇಳಿದಳು. ಅರಸನ ಮಗಳು ಮಾಡಿದ್ದನ್ನು 2005ರ ಉದ್ಯೋಗ ಖಾತರಿ ಕಾಯಿದೆಯೂ ಮಾಡಿತು. ಕೆಲಸದ ಸ್ಥಳದಲ್ಲಿ 6 ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚು ಇದ್ದರೆ ಒಬ್ಬ ಹೆಂಗಸನ್ನು ಅವರ ಪಾಲನೆಗೆ ನಿಲ್ಲಿಸಬೇಕು, ಮಣ್ಣು ಹೊರುವವಳಿಗೆ ಸಿಗುವ ಕೂಲಿಯೇ ಅವಳಿಗೂ ಸಿಗಬೇಕು ಎಂದು ಅದರಲ್ಲಿ ಬರೆದಿದ್ದರು.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು, ಕಾಲೇಜಿಗೆ ಹೆಸರು ಹಚ್ಚುವ ಮುಂಚೆಯೇ ಮನೆಯವರೆಲ್ಲ ಕೂತು ಹಗಲಿನ ತಾಸುಗಳನ್ನು ಹಂಚಿಕೊಳ್ಳಬೇಕು. ಆ ಹಂಚಿಕೆಯಲ್ಲಿ ಕೂಸಿನ ತಂದೆಯ ಹೆಸರೂ ಇರಬೇಕು. ಕಬ್ಬಿನ ಗ್ಯಾಂಗಿಗೆ ಹೋಗುವ ತಂದೆ ಆ ತಿಂಗಳುಗಳಲ್ಲಿ ಇಲ್ಲವಾದರೆ, ಅವನ ತಾಸುಗಳಿಗೆ ಅವನ ದುಡಿಮೆಯಿಂದ ಹಣ ಬರಬೇಕು.

ಎರಡನೆಯದು, ಮೂರು ನಾಲ್ಕು ಮನೆಗಳು ಕೂಡಿ ಒಬ್ಬ ನಂಬಿಗಸ್ತ ಹೆಂಗಸನ್ನು ಗೊತ್ತುಮಾಡಬೇಕು. ಹೊಲದ ಕೂಲಿಗೆ ಕಡಿಮೆಯಿಲ್ಲದಂತೆ ಅವಳಿಗೆ ಕೊಡಬೇಕು, ವಾರದ ರಜೆ ಕೊಡಬೇಕು. ನಡೆಯಲು ಕಲಿತ ಕೂಸುಗಳು ಒಬ್ಬಳ ಕೈಗೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಅವಳಿಗೆ ಜ್ವರ ಬಂದ ದಿನ, ಸಂಜೆಯ ಬಸ್ಸು ಕೆಟ್ಟು ನಿಂತ ದಿನ ಯಾರು ಎಂಬುದು ಮೊದಲೇ ಗೊತ್ತಿರಬೇಕು.

ಮೂರನೆಯದು, ಕಾಲೇಜು ಆರಂಭವಾಗುವ ಎರಡು ವಾರ ಮೊದಲೇ ಕೂಸನ್ನು ಹೊಸ ಮಡಿಲಿಗೆ ರೂಢಿ ಮಾಡಿಸಬೇಕು. ಮೊದಲು ಒಂದು ತಾಸು, ಆಮೇಲೆ ಅರ್ಧ ದಿನ. ಕಾಲೇಜಿಗೆ ಹೊರಟಳೆಂದು ಮೊಲೆ ಬಿಡಿಸುವ ಅವಸರ ಬೇಡ. ಮುಂಜಾನೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಹಾಲೂಡಿಸಬಹುದು. ಲಸಿಕೆಯ ಕಾರ್ಡು, ಭೇದಿಗೆ ಕೊಡುವ ಓ.ಆರ್.ಎಸ್. ಪೊಟ್ಟಣ, ತಾಯಿಯ ಫೋನ್ ನಂಬರು ಕೂಸಿರುವ ಮನೆಯಲ್ಲಿಯೇ ಇರಲಿ. ನೀರಿನ ಹೌದು, ಬಾನಿ ಮುಚ್ಚಿರಲಿ, ಒಲೆ ದೂರವಿರಲಿ.

ನಾಲ್ಕನೆಯದು, ಎಲ್ಲದಕ್ಕೂ ಮುಖ್ಯವಾದದ್ದು. ಕೇಂದ್ರ ಸರ್ಕಾರದ 'ಪಾಲನಾ' ಯೋಜನೆಯಲ್ಲಿ ಅಂಗನವಾಡಿಯ ಜೊತೆಗೇ ದಿನವಿಡೀ ಶಿಶುಪಾಲನೆ ನಡೆಸಲು ಅವಕಾಶವಿದೆ. 6 ತಿಂಗಳಿನಿಂದ 6 ವರ್ಷದ ಮಕ್ಕಳಿಗೆ, ದಿನಕ್ಕೆ ಏಳೂವರೆ ತಾಸು. ತಾಯಿ ನೌಕರಿಯಲ್ಲಿದ್ದಾಳೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಹೀಗಾಗಿ ಓದುವ ತಾಯಿಗೂ ಅದರಲ್ಲಿ ಪಾಲಿದೆ. ಗಡಿಯ ಆಚೆ ಕರ್ನಾಟಕದಲ್ಲಿ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಎಂದು ಘೋಷಿಸಿದರು. ಅಲ್ಲಿ ಆಗುವುದಾದರೆ ಇಲ್ಲಿಯೂ ಆಗಬೇಕು. ಮುಂದಿನ ಗ್ರಾಮಸಭೆಗೆ ಗಂಡಸರೂ ಹೆಂಗಸರೂ ಕೂಡಿ ಹೋಗೋಣ. ಎಷ್ಟು ಮನೆಯಲ್ಲಿ ಮೂರರೊಳಗಿನ ಕೂಸುಗಳಿವೆ, ಎಷ್ಟು ತಾಯಂದಿರು ಓದಲು, ದುಡಿಯಲು ಹೊರಗೆ ಹೋಗುತ್ತಾರೆ, ಕೂಸಿಗಾಗಿ ಎಷ್ಟು ಹುಡುಗಿಯರು ಶಾಲೆ ತಪ್ಪಿಸುತ್ತಾರೆ, ಈ ಮೂರು ಲೆಕ್ಕ ಕಾಗದದ ಮೇಲೆ ಬರೆದುಕೊಂಡು ಹೋಗೋಣ. ಬರೀ ಅಳಲು ಹೇಳಿಕೊಂಡರೆ ಕೇಳಿ ಮರೆಯುತ್ತಾರೆ. ಲೆಕ್ಕ ಇಟ್ಟರೆ ಉತ್ತರ ಕೊಡಬೇಕಾಗುತ್ತದೆ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂಡುವುದು ಬೇಡ. ಪ್ರಾರ್ಥನೆಗೆ ಕೂಡುವ ಕೋಣೆ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಒಂದು ಚಾಪೆ, ಎರಡು ತೊಟ್ಟಿಲು, ಕುಡಿಯುವ ನೀರು ಇಟ್ಟರೆ ಅಲ್ಲಿ ನಾಲ್ಕು ಕೂಸುಗಳು ಮಲಗಬಹುದು, ಯಾವ ಮತದ ಮನೆಯವಾದರೂ ಸರಿ. ಆ ಹೆಂಗಸಿನ ಕೂಲಿಗೆ ಪ್ರತಿ ಮನೆಯ ಪಾಲು ಎಷ್ಟೆಂಬುದನ್ನು ಈ ಸಭೆ ಮುಗಿಯುವ ಮುಂಚೆಯೇ ಗೊತ್ತುಮಾಡೋಣ ಎಂದು ನಿಮ್ಮೆಲ್ಲರನ್ನು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.