ತಾನೇ ತುಂಬಿಕೊಳ್ಳುವ ಕೋವಿ ಎಷ್ಟು ನಂಬಿಕಸ್ಥ?



ಅಮೆರಿಕದ ಬಂದೂಕಿನಂಗಡಿಗಳಲ್ಲಿ ಇವತ್ತು ನಾಲ್ಕೈದು ನೂರು ಡಾಲರಿಗೆ ಒಂದು ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಸಿಗುತ್ತದೆ. ಶಾಟ್‌ಗನ್ ಎಂದರೆ ನಮ್ಮ ಮಲೆನಾಡಿನವರು ಬಲ್ಲ ಚರೆ ಹಾರಿಸುವ ತೋಟಾ ಕೋವಿಯೇ. ಇದರ ವಿಶೇಷ ಇಷ್ಟು: ಟ್ರಿಗರ್ ಎಳೆದರೆ ಒಂದು ಈಡು ಹಾರುತ್ತದೆ, ಖಾಲಿ ತೋಟಾ ತಾನಾಗಿ ಹೊರಗೆ ಬೀಳುತ್ತದೆ, ಮುಂದಿನದು ತಾನಾಗಿ ಬಂದು ಕೂರುತ್ತದೆ. ಮನೆಯ ರಕ್ಷಣೆಗೆಂದು ಇದನ್ನು ಕೊಳ್ಳುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಕಡಿಮೆ ಬೆಲೆಯದ್ದು, ಹೊತ್ತಿಗೆ ಕೈಕೊಟ್ಟರೆ?

ನಮ್ಮಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇಂಥ ಕೋವಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ರೈತನಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಸಿಗುವುದು ಹೆಚ್ಚಾಗಿ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಇಡುವುದೂ ಇವನ್ನೇ. ಜೋಡಿ ನಳಿಗೆಯ ಕೋವಿಯಲ್ಲಿ ಕೆಡುವಂಥದ್ದು ಬಹಳ ಕಡಿಮೆ. ಒಂದು ನಳಿಗೆಯ ತೋಟಾ ಹಾರದಿದ್ದರೆ ಇನ್ನೊಂದು ನಳಿಗೆ ಇದ್ದೇ ಇದೆ. ತೋಟಾ ಹಗುರವೋ ಬಿರುಸೋ ಎಂಬ ಗೊಡವೆಯೂ ಅದಕ್ಕಿಲ್ಲ. ತಾನೇ ತುಂಬಿಕೊಳ್ಳುವ ಕೋವಿಗೆ ಮಾತ್ರ ಆ ಗೊಡವೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ. ಕಥೆಯನ್ನು ಅಲ್ಲಿಂದಲೇ ಶುರು ಮಾಡಬೇಕು.

ಜಾನ್ ಮೋಸಸ್ ಬ್ರೌನಿಂಗ್ 1855ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್ ಊರಿನಲ್ಲಿ ಹುಟ್ಟಿದವನು. ಅಪ್ಪ ಕೋವಿ ರಿಪೇರಿ ಮಾಡುವವನು, ಮಗ ಬೆಳೆದದ್ದು ಅದೇ ಅಂಗಡಿಯಲ್ಲಿ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ವಿಂಚೆಸ್ಟರ್ ಕಂಪನಿಯ ಹೆಸರುವಾಸಿ ಕೋವಿಗಳಲ್ಲಿ ಬಹಳಷ್ಟರ ಹಿಂದೆ ಇದ್ದ ತಲೆ ಇವನದೇ. ಕೋವಿ ಸಿಡಿದಾಗ ಭುಜಕ್ಕೆ ಬಡಿಯುವ ಒದೆತ ಸುಮ್ಮನೆ ವ್ಯರ್ಥವಾಗುತ್ತದಲ್ಲ, ಮುಂದಿನ ತೋಟಾ ತುಂಬುವ ಕೆಲಸವನ್ನು ಅದರಿಂದಲೇ ಏಕೆ ಮಾಡಿಸಬಾರದು ಎಂದು ಅವನು ಯೋಚಿಸಿದ. 1900ರಲ್ಲಿ ಪೇಟೆಂಟ್ ಸಿಕ್ಕಿತು.

ಅಲ್ಲಿಯವರೆಗೆ ಬ್ರೌನಿಂಗ್ ತನ್ನ ವಿನ್ಯಾಸಗಳನ್ನು ವಿಂಚೆಸ್ಟರಿಗೆ ಒಂದೇ ಮೊತ್ತಕ್ಕೆ ಮಾರಿಬಿಡುತ್ತಿದ್ದ. ಈ ಸಲ ಮಾತ್ರ, ಮಾರಾಟವಾಗುವ ಒಂದೊಂದು ಕೋವಿಗೂ ಇಷ್ಟು ಎಂದು ರಾಯಧನ ಕೇಳಿದ. ಕಂಪನಿಯ ಅಧ್ಯಕ್ಷ ಬೆನೆಟ್ ಒಪ್ಪಲಿಲ್ಲ. ಬ್ರೌನಿಂಗ್ ರೆಮಿಂಗ್ಟನ್ ಕಂಪನಿಯ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋದ. 1902ರ ಜನವರಿಯ ಒಂದು ದಿನ ಇವನು ಕಚೇರಿಯಲ್ಲಿ ಕಾಯುತ್ತಿರುವಾಗಲೇ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡ. ಬ್ರೌನಿಂಗ್ ಕೋವಿಯ ಮಾದರಿಯನ್ನು ಹಿಡಿದು ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಎಫ್‌ಎನ್ ಎಂಬ ಕಾರ್ಖಾನೆ ಅವನ ಪಿಸ್ತೂಲನ್ನು ಆಗಲೇ ತಯಾರಿಸುತ್ತಿತ್ತು, ಇದನ್ನೂ ಒಪ್ಪಿಕೊಂಡಿತು. ಬ್ರೌನಿಂಗ್ ತಾನೇ ಹತ್ತು ಸಾವಿರ ಕೋವಿಗಳಿಗೆ ಆರ್ಡರ್ ಕೊಟ್ಟು ಅಮೆರಿಕಕ್ಕೆ ತರಿಸಿಕೊಂಡ. ಮುಂದೆ ಅದಕ್ಕೆ ಆಟೊ-5 ಎಂಬ ಹೆಸರು ನಿಂತಿತು, ಮ್ಯಾಗಜಿನ್ನಿನಲ್ಲಿ ನಾಲ್ಕು ತೋಟಾ, ನಳಿಗೆಯಲ್ಲಿ ಒಂದು ಎಂದು ಲೆಕ್ಕ. ಅದರ ತಯಾರಿಕೆ ಹೆಚ್ಚುಕಡಿಮೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ನಡೆಯಿತು. ರೆಮಿಂಗ್ಟನ್ ಕೂಡ 1905ರಿಂದ ಇದನ್ನೇ ಅಮೆರಿಕದಲ್ಲಿ ತಯಾರಿಸಿತು, ಅದಕ್ಕೆ ಮುಂದೆ ಮಾಡೆಲ್ 11 ಎಂಬ ಹೆಸರು ಬಂತು.

ಈ ಕೋವಿಯ ಹೊಟ್ಟೆಯೊಳಗಿನ ಒಂದು ಸಣ್ಣ ವಸ್ತುವನ್ನು ಹತ್ತಿರದಿಂದ ನೋಡೋಣ. ಸಿಡಿದಾಗ ಇದರ ನಳಿಗೆ ಇಡಿಯಾಗಿ ಹಿಂದಕ್ಕೆ ಜಾರುತ್ತದೆ. ಅದನ್ನು ತಡೆದು ಮತ್ತೆ ಮುಂದಕ್ಕೆ ತಳ್ಳಲು ಕೆಳಗಿನ ಮ್ಯಾಗಜಿನ್ ಕೊಳವೆಯ ಸುತ್ತ ಒಂದು ಸ್ಪ್ರಿಂಗ್ ಇದೆ, ಅದರ ಜೊತೆಗೆ ಒಂದು ಉಕ್ಕಿನ ಉಂಗುರ. ಬಿರುಸಾದ ತೋಟಾ ಹಾಕುವುದಿದ್ದರೆ ಆ ಉಂಗುರವನ್ನು ಸ್ಪ್ರಿಂಗಿನ ಮುಂದಿಡಬೇಕು. ಆಗ ಅದು ಕೊಳವೆಯ ಸುತ್ತಲಿನ ಕಂಚಿನ ಬಿರಿಯನ್ನು ಬಿಗಿಹಿಡಿದು ವೇಗ ತಗ್ಗಿಸುತ್ತದೆ. ಹಗುರ ತೋಟಾ ಇದ್ದರೆ ಸ್ಪ್ರಿಂಗಿನ ಹಿಂದಕ್ಕೆ, ಬುಡಕ್ಕೆ ಸರಿಸಬೇಕು. ಅದಲುಬದಲಾದರೆ ಎರಡರಲ್ಲಿ ಒಂದು ತೊಂದರೆ ತಪ್ಪದು. ಬಿಗಿಯಾಗಿಟ್ಟು ಹಗುರ ತೋಟಾ ಹಾರಿಸಿದರೆ ನಳಿಗೆ ಪೂರ್ತಿ ಹಿಂದೆ ಬರದೆ ಖಾಲಿ ತೋಟಾ ಸಿಕ್ಕಿಬೀಳುತ್ತದೆ. ಸಡಿಲವಾಗಿಟ್ಟು ಬಿರುಸು ತೋಟಾ ಹಾರಿಸುತ್ತ ಹೋದರೆ ಮುಂಗೈ ಹಿಡಿಯುವ ಮರ ಸೀಳುತ್ತದೆ. ಆಟೊ-5 ಕೆಟ್ಟ ಕೋವಿ ಎಂದು ದೂರಿದವರ ಕೋವಿಗಳಲ್ಲಿ ಎಷ್ಟೋ ಸಲ ಕೆಟ್ಟದ್ದು ಏನೂ ಇರುತ್ತಿರಲಿಲ್ಲ, ಉಂಗುರ ತಪ್ಪು ಜಾಗದಲ್ಲಿ ಇರುತ್ತಿತ್ತು ಅಷ್ಟೆ. ಇಂಥ ಕೋವಿ ತನಗೆ ಕೊಡುವ ತೋಟಾದ ಜೊತೆ ಹೊಂದಿಕೊಂಡಾಗ ಮಾತ್ರ ನಂಬಿಕೆಗೆ ಅರ್ಹವಾಗುತ್ತದೆ. ಮುಂದಿನ ನೂರು ವರ್ಷದ ವಿನ್ಯಾಸಗಾರರೆಲ್ಲ ಹೆಣಗಿದ್ದು ಇದೊಂದರ ಸುತ್ತಲೇ.

ಬ್ರೌನಿಂಗನನ್ನು ಕಳೆದುಕೊಂಡ ವಿಂಚೆಸ್ಟರ್ ಪಾಡು ಕೇಳಿ. ಅವನ ಪೇಟೆಂಟುಗಳನ್ನು ಮುಟ್ಟದೆ ಅಂಥದೇ ಕೋವಿ ಮಾಡಬೇಕಾಗಿ ಬಂತು. ಬೋಲ್ಟನ್ನು, ಅಂದರೆ ನಳಿಗೆಯ ಹಿಂಬಾಯಿ ಮುಚ್ಚುವ ಭಾಗವನ್ನು, ಎಳೆಯುವ ಹಿಡಿಕೆಗೂ ಬ್ರೌನಿಂಗ್ ಹಕ್ಕು ಪಡೆದಿದ್ದ. ಅದಕ್ಕಾಗಿ 1911ರಲ್ಲಿ ಬಂದ ಅವರ ಕೋವಿಯಲ್ಲಿ ಹಿಡಿಕೆಯೇ ಇರಲಿಲ್ಲ, ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ತಳ್ಳಬೇಕಿತ್ತು. ಕೈ ಜಾರದಿರಲಿ ಎಂದು ನಳಿಗೆಯ ಮೇಲೆ ಒಂದು ಕಡೆ ಗೀರು ಗೀರು ಮಾಡಿದ್ದರು. ಆಗಿನ ತೋಟಾಗಳ ಮೈ ಕಾಗದದ್ದು, ತೇವಕ್ಕೆ ಊದಿಕೊಂಡು, ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನೊಳಗೆ ಕಚ್ಚಿಕೊಳ್ಳುತ್ತಿತ್ತು. ಕಚ್ಚಿಕೊಂಡ ತೋಟಾವನ್ನು ಬಿಡಿಸಲು ಕೆಲವರು ಕೋವಿಯನ್ನು ನೆಲಕ್ಕೆ ಊರಿ, ಮೇಲೆ ಬಾಗಿ, ಎರಡೂ ಕೈಯಿಂದ ನಳಿಗೆಯನ್ನು ಕೆಳಕ್ಕೆ ಒತ್ತುತ್ತಿದ್ದರು. ನಳಿಗೆಯ ಬಾಯಿ ಎದೆಗೋ ಮುಖಕ್ಕೋ ನೇರವಾಗಿರುತ್ತಿತ್ತು, ಒಳಗಿದ್ದದ್ದು ಹಾರದ ಜೀವಂತ ತೋಟಾ ಆದರೆ ಮುಗಿಯಿತು. ಜನರ ಬಾಯಲ್ಲಿ ಅದಕ್ಕೆ ವಿಧವೆಯರನ್ನು ಮಾಡುವ ಕೋವಿ ಎಂಬ ಹೆಸರು ಬಿತ್ತು. 1925ರಲ್ಲಿ ತಯಾರಿಕೆ ನಿಂತಿತು. ಕೋವಿಯ ನಂಬಿಕೆ ಎಂದಾಗ ಬೇಕಾದಾಗ ಸಿಡಿಯುವುದನ್ನಷ್ಟೇ ನೆನೆಯುವವರು ಈ ಮಾಡೆಲ್ 1911ರ ಇತಿಹಾಸವನ್ನು ಒಮ್ಮೆ ಓದಬೇಕು.

ತಾನೇ ತುಂಬಿಕೊಳ್ಳುವ ಕೋವಿಯ ಪಾಡು ಹೀಗಿರುವಾಗ, ಅಮೆರಿಕದ ಮನೆಗಳ ಮೂಲೆಯಲ್ಲಿ, ಪೊಲೀಸರ ಕಾರುಗಳಲ್ಲಿ ನೆಲೆಯೂರಿದ್ದು ಪಂಪ್ ಕೋವಿ. 1950ರ ರೆಮಿಂಗ್ಟನ್ 870, 1961ರ ಮಾಸ್‌ಬರ್ಗ್ 500, ಎರಡೂ ಅಗ್ಗ, ಎರಡೂ ಗಟ್ಟಿ. ಮುಂಗೈ ಹಿಡಿಯನ್ನು ಎಳೆದು ತಳ್ಳಿದರೆ ತೋಟಾ ಬದಲಾಗುತ್ತದೆ, ಯಾವ ತೋಟಾ ಎಂದು ಅದು ಕೇಳುವುದಿಲ್ಲ. ಅದರ ಕುಂದು ಮನುಷ್ಯನ ಕೈಯಲ್ಲಿದೆ. ಗಾಬರಿಯಲ್ಲಿ ಅರ್ಧಕ್ಕೇ ಎಳೆದು ಬಿಟ್ಟರೆ ಸಿಕ್ಕಿಬೀಳುತ್ತದೆ. ಒಂದು ಕೈಯಲ್ಲಿ ಮಗು ಇದ್ದರೆ, ಫೋನ್ ಇದ್ದರೆ ಎಳೆಯುವುದೇ ಆಗದು. ಇಷ್ಟಾದರೂ ಅಗ್ಗದ ಕೋವಿ ಬೇಕಾದವರಿಗೆ ಪಂಪೇ ಸೈ ಎಂಬ ಮಾತು ಇಂದಿಗೂ ಉಳಿದಿದೆ, ಅದಕ್ಕೆ ಆಧಾರವೂ ಇದೆ.

ಸೆಮಿ ಆಟೊಮ್ಯಾಟಿಕ್ಕಿನ ಬೆಲೆ ಇಳಿಯತೊಡಗಿದ್ದು 1950ರ ದಶಕದಲ್ಲಿ. ನಳಿಗೆ ಜಾರುವ ಬದಲು, ಸಿಡಿದ ಮದ್ದಿನ ಅನಿಲವನ್ನೇ ಒಂದಿಷ್ಟು ಸಣ್ಣ ರಂಧ್ರದ ಮೂಲಕ ಕೆಳಗೆ ತಿರುಗಿಸಿ, ಅದರ ಒತ್ತಡದಿಂದ ಬೋಲ್ಟನ್ನು ಹಿಂದಕ್ಕೆ ತಳ್ಳುವ ಉಪಾಯ ಬಂತು. ಇದನ್ನು ಮೊದಮೊದಲು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಸಂಸ್ಥೆಯೂ ಒಂದು. ಬಟ್ಟೆ, ಪಾತ್ರೆ, ತೊಳೆಯುವ ಯಂತ್ರಗಳ ಜೊತೆಯಲ್ಲೇ ಜೆ.ಸಿ. ಹಿಗಿನ್ಸ್ ಎಂಬ ಹೆಸರಿನಲ್ಲಿ ಅದು ಇಂಥ ಕೋವಿಯನ್ನು ಮಾರಿತು, ಮಾಡಿಕೊಟ್ಟದ್ದು ಹೈ ಸ್ಟ್ಯಾಂಡರ್ಡ್ ಕಂಪನಿ. ಅನಿಲದ ಕೋವಿಗೆ ಭದ್ರ ಹೆಸರು ತಂದದ್ದು ಮಾತ್ರ 1963ರ ರೆಮಿಂಗ್ಟನ್ 1100. ಅದರ ಒದೆತ ಮೆತ್ತಗೆ, ಲಕ್ಷಗಟ್ಟಲೆ ಜನ ಕೊಂಡರು. ಅದರೊಳಗೂ ಒಂದು ಉಂಗುರವಿದೆ, ಈ ಸಲ ರಬ್ಬರಿನದು. ಅನಿಲ ಸೋರದಂತೆ ತಡೆಯುವುದೇ ಅದರ ಕೆಲಸ. ಕಾಸಿನ ಬೆಲೆಯ ಆ ರಬ್ಬರ್ ಹರಿದರೆ ಇಡೀ ಕೋವಿ ಒಂದೊಂದೇ ಈಡಿನ ಕೋವಿಯಾಗಿಬಿಡುತ್ತದೆ. ತಿಳಿದವರು ಇನ್ನೊಂದು ಉಂಗುರವನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಅನಿಲದ ಜೊತೆ ಮಸಿಯೂ ಬರುವುದರಿಂದ ಇಂಥ ಕೋವಿಯನ್ನು ಆಗಾಗ ಬಿಚ್ಚಿ ಒರೆಸದೆ ಗತಿಯಿಲ್ಲ. ಅದೇ ಕಾಲದಲ್ಲಿ ಕಾಗದದ ತೋಟಾ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಊದಿಕೊಳ್ಳುವ ಹಳೆಯ ಕಾಟ ತೀರಿತು. ನನ್ನ ಲೆಕ್ಕದಲ್ಲಿ ಈ ಕೋವಿಗಳ ನಂಬಿಕೆ ಹೆಚ್ಚಿಸಿದ ಶ್ರೇಯಸ್ಸಿನಲ್ಲಿ ತೋಟಾ ಮಾಡಿದವರಿಗೂ ದೊಡ್ಡ ಪಾಲು ಸಲ್ಲಬೇಕು.

ಇಟಲಿಯ ಉರ್ಬಿನೋ ಊರಿನಲ್ಲಿ 1967ರಲ್ಲಿ ಬೆನೆಲ್ಲಿ ಕಂಪನಿ ಶುರುವಾಯಿತು. ಬ್ರೂನೋ ಚಿವೊಲಾನಿ ಎಂಬ ವಿನ್ಯಾಸಗಾರ ಅನಿಲವನ್ನೂ ಬಿಟ್ಟು, ಜಾರುವ ನಳಿಗೆಯನ್ನೂ ಬಿಟ್ಟು, ಬೋಲ್ಟಿನೊಳಗೆ ಒಂದು ಗಟ್ಟಿ ಸ್ಪ್ರಿಂಗ್ ಇಟ್ಟ. ಕೋವಿ ಒದೆತಕ್ಕೆ ಹಿಂದೆ ಸರಿದಾಗ ಬೋಲ್ಟಿನ ಭಾರದ ಭಾಗ ಇದ್ದಲ್ಲೇ ನಿಲ್ಲಲು ನೋಡುತ್ತದೆ, ನಡುವೆ ಸಿಕ್ಕ ಸ್ಪ್ರಿಂಗ್ ಅಮುಕಿಕೊಂಡು ಮರುಕ್ಷಣ ಅದನ್ನು ಹಿಂದಕ್ಕೆ ಚಿಮ್ಮುತ್ತದೆ. ಬಿಡಿಭಾಗ ಕಡಿಮೆ, ಒಳಗೆ ಮಸಿ ಕಡಿಮೆ. ಮನೆಯ ರಕ್ಷಣೆಗೆ ಕೊಳ್ಳುವವರು ತಿಳಿದಿರಬೇಕಾದ ಒಂದು ಕುಂದೂ ಇದಕ್ಕಿದೆ. ಕೋವಿ ಹಿಂದಕ್ಕೆ ಚಲಿಸಿದರಷ್ಟೇ ಇದು ಕೆಲಸ ಮಾಡುವುದು. ದೊಡ್ಡ ಟಾರ್ಚು, ಮಗ್ಗುಲಿಗೆ ತೋಟಾದ ಸಾಲು ಎಂದು ಭಾರ ಹೇರಿದಷ್ಟೂ ಕೋವಿಯ ಚಲನೆ ಕುಗ್ಗಿ, ಹಗುರ ತೋಟಾ ಸಿಕ್ಕಿಬೀಳುವ ಸಂಭವ ಹೆಚ್ಚುತ್ತದೆ. ಅದೇ ಬೆನೆಲ್ಲಿ, ಅಮೆರಿಕದ ಮರೀನ್ ಪಡೆಗೆಂದು 1990ರ ದಶಕದ ಕೊನೆಗೆ ಎಂ4 ಕೋವಿ ಮಾಡಿದಾಗ ಅನಿಲದ ಪದ್ಧತಿಯನ್ನೇ ಆರಿಸಿಕೊಂಡಿತು.

ಬೆನೆಲ್ಲಿಯ ಸ್ಪ್ರಿಂಗ್ ಪದ್ಧತಿಯ ಪೇಟೆಂಟ್ ಅವಧಿ ತೀರಿದ ಮೇಲೆ ತುರ್ಕಿಯ ಕಾಲ ಬಂತು. ಕೊನ್ಯಾ ಪ್ರಾಂತ್ಯದ ಹೂಲು ಎಂಬ ಊರಿನಲ್ಲಿ ತಲೆಮಾರುಗಳಿಂದ ಕೋವಿ ಮಾಡುವ ಕಸುಬಿದೆ, 1962ರಲ್ಲಿ ಕುಶಲಕರ್ಮಿಗಳು ಸೇರಿ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಇಂದು ಆ ದೇಶದ ಅನೇಕ ಕಾರ್ಖಾನೆಗಳು ಬೇರೆ ಬೇರೆ ಹೆಸರಿನಲ್ಲಿ ಅಮೆರಿಕಕ್ಕೆ ಕೋವಿ ಕಳಿಸುತ್ತವೆ. ಬೆಲೆ ಎಂ4ರ ಕಾಲು ಭಾಗದ ಆಸುಪಾಸು. ಅಗ್ಗವಾಗಲು ಕಾರಣ ಕೂಲಿಯೊಂದೇ ಅಲ್ಲ. ಚೇಂಬರಿನ ಒಳಮೈಯನ್ನು ನುಣುಪು ಮಾಡುವುದು, ಸ್ಪ್ರಿಂಗುಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಪ್ರತಿ ಕೋವಿಯನ್ನೂ ಕೈಯಾಡಿಸಿ ನೋಡುವುದು, ಬೆಲೆ ಇಳಿಯುವಾಗ ಕತ್ತರಿ ಬೀಳುವುದು ಇಂಥ ಕಡೆಗೇ. ಒರಟು ಚೇಂಬರಿಗೆ ಉಕ್ಕಿನ ಬುಡದ ಅಗ್ಗದ ತೋಟಾ ಸೇರಿದರೆ, ಸಿಡಿದು ಹಿಗ್ಗಿದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ. ಮೂರೂವರೆ ಇಂಚಿನ ಬಿರುಸು ತೋಟಾಕ್ಕೂ ಹೊಂದಲಿ ಎಂದು ಮಾಡಿದ ಕೋವಿ ಗುರಿ ಅಭ್ಯಾಸದ ಹಗುರ ತೋಟಾಕ್ಕೆ ಮುನಿಸಿಕೊಳ್ಳುತ್ತದೆ. ಒಂದೇ ಮಾದರಿಯ ಎರಡು ಕೋವಿಗಳಲ್ಲಿ ಒಂದು ವರ್ಷಗಟ್ಟಲೆ ತಕರಾರಿಲ್ಲದೆ ನಡೆದು, ಇನ್ನೊಂದು ಮೊದಲ ಡಬ್ಬಿಯಲ್ಲೇ ಕೈಕೊಡುವುದೂ ಉಂಟು. ಅದಕ್ಕೇ ಈ ಕೋವಿಗಳ ಬಗ್ಗೆ ಒಳ್ಳೆಯದು ಕೆಟ್ಟದು ಎಂಬ ಸಾರಾಸಗಟು ತೀರ್ಪು ಹೇಳಲಾಗದು. ದುಬಾರಿ ಕಾರ್ಖಾನೆ ತಾನೇ ಮಾಡಿ ಮುಗಿಸುವ ಪರೀಕ್ಷೆಯನ್ನು ಅಗ್ಗದ ಕೋವಿ ಕೊಂಡವನ ತಲೆಗೆ ಹಾಕುತ್ತದೆ. ಅವನು ಅದನ್ನು ಹೊರಲು ಸಿದ್ಧನಿದ್ದರೆ ಸರಿ. ಪೆಟ್ಟಿಗೆಯಿಂದ ತೆಗೆದು, ತುಂಬಿ, ಮಂಚದಡಿ ಇಟ್ಟರೆ ಅವನು ನಂಬಿದ್ದು ಅದೃಷ್ಟವನ್ನು.

ಇನ್ನೊಂದು ಮಾತು ಹೇಳದಿದ್ದರೆ ಈ ಭಾಷಣ ಅರ್ಧವಾಗುತ್ತದೆ. 2008ರಲ್ಲಿ ಹೆಲ್ಲರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮನೆಯ ರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು, 1993ರಲ್ಲಿ, ಸಂಶೋಧಕ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ಮೂರು ಕೌಂಟಿಗಳ ಮನೆಗಳನ್ನು ಅಧ್ಯಯನ ಮಾಡಿ, ಬಂದೂಕಿರುವ ಮನೆಯಲ್ಲಿ ಕೊಲೆಯಾಗುವ ಸಂಭವ 2.7 ಪಟ್ಟು ಹೆಚ್ಚು ಎಂದಿದ್ದರು, ಕೊಂದವರು ಬಹುಪಾಲು ಮನೆಯವರು ಅಥವಾ ಪರಿಚಿತರು. ಆ ಅಧ್ಯಯನದ ವಿಧಾನದ ಬಗ್ಗೆ ಇಂದಿಗೂ ವಾದವಿದೆ. ವಾದವಿಲ್ಲದ ಸಂಗತಿಯೊಂದಿದೆ: ಬಹಳಷ್ಟು ಶಾಟ್‌ಗನ್‌ಗಳ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ತುಂಬಿದ ಕೋವಿ ಕೆಳಗೆ ಬಿದ್ದರೆ ಸಿಡಿಯದೆಂಬ ಖಾತರಿಯನ್ನು ಅದು ಕೊಡುವುದಿಲ್ಲ.

ಅಮೆರಿಕದಲ್ಲಿ ನೆಲೆಸಿ ಇಂಥ ಕೋವಿ ಕೊಂಡಿರುವ, ಕೊಳ್ಳಲಿರುವ ಕನ್ನಡಿಗರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಯಾವ ತೋಟಾ ಇಡುತ್ತೀರೋ ಅದನ್ನೇ ಗುರಿ ಮೈದಾನಕ್ಕೆ ಒಯ್ದು, ಹಗುರದ್ದನ್ನೂ ಸೇರಿಸಿ, ಕಡಿಮೆಯೆಂದರೂ ಇನ್ನೂರು ಈಡು ಹೊಡೆದು ನೋಡಿ. ಸಿಕ್ಕಿಬಿದ್ದರೆ ಏಕೆಂದು ತಿಳಿಯುವವರೆಗೆ ಅದನ್ನು ನೆಚ್ಚಬೇಡಿ. ಚೇಂಬರ್ ಖಾಲಿ ಇರಲಿ, ಕೋವಿ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಊರಿನಿಂದ ಅಪ್ಪ ಅಮ್ಮ ಬಂದರೆ, ಮೊಮ್ಮಕ್ಕಳನ್ನು ಅವರ ಕೈಗೆ ಬಿಟ್ಟು ಕೆಲಸಕ್ಕೆ ಹೊರಡುವ ಮುಂಚೆ, ಮನೆಯಲ್ಲಿ ಕೋವಿ ಇದೆ ಎಂಬುದನ್ನು ಅವರಿಗೆ ಹೇಳಿ ಹೋಗಿ.