ಕ್ಯಾಟ್‌ವುಮನ್ ಕದಿಯುವುದು ಏಕೆ?

ಒಂದೇ ಪುಸ್ತಕದಲ್ಲಿ ಹುಟ್ಟಿದ ಇಬ್ಬರು ಅಪರಾಧಿಗಳ ಮಾತಿನಿಂದ ಶುರು ಮಾಡೋಣ. 1940ರ ವಸಂತದಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಿಗೆ ಹತ್ತು ಸೆಂಟ್ ಬೆಲೆಯ ಒಂದು ಕಾಮಿಕ್ ಪುಸ್ತಕ ಬಂತು. ಅದು 'ಬ್ಯಾಟ್‌ಮನ್' ಮಾಲೆಯ ಮೊದಲ ಸಂಚಿಕೆ. ಬಾವಲಿ ವೇಷದ ಈ ನಾಯಕ ಅದಕ್ಕೆ ಹಿಂದಿನ ವರ್ಷವಷ್ಟೇ ಇನ್ನೊಂದು ಮಾಲೆಯಲ್ಲಿ ಕಾಣಿಸಿಕೊಂಡು ಜನಪ್ರಿಯನಾಗಿದ್ದ. ಅವನಿಗೆ ತಕ್ಕ ಎದುರಾಳಿಗಳು ಬೇಕಿತ್ತು. ಆ ಒಂದು ಸಂಚಿಕೆಯಲ್ಲೇ ಇಬ್ಬರು ಸಿಕ್ಕರು. ಒಬ್ಬ ಜೋಕರ್, ಇನ್ನೊಬ್ಬಳು 'ದಿ ಕ್ಯಾಟ್', ಅಂದರೆ ಬೆಕ್ಕು.

ಜೋಕರ್ ಕೊಲೆಗಾರ. ಅವನು ಯಾಕೆ ಕೊಲ್ಲುತ್ತಾನೆ ಎಂದು ಮೊದಲ ಕಥೆ ಹೇಳಲಿಲ್ಲ. ಮುಂದೆ ಅವನಿಗೂ ಹಿನ್ನೆಲೆ ಕಟ್ಟುವ ಪ್ರಯತ್ನಗಳು ನಡೆದವು, ನಿಜ. ಆದರೆ ಅವನನ್ನು ತಿದ್ದಿ ಮನೆ ಸೇರಿಸಬೇಕೆಂದು ಹೊರಟವರು ಕಡಿಮೆ. ಬೆಕ್ಕಿನ ಪಾಡು ಬೇರೆ. ಅವಳು ಕದ್ದದ್ದು ಒಡವೆ ಮಾತ್ರ. ಆದರೂ ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಲೇಖಕರು, ಚಿತ್ರಕಾರರು, ಸಿನಿಮಾದವರು ಸರದಿಯ ಮೇಲೆ ಬಂದು ಒಂದೇ ಪ್ರಶ್ನೆ ಕೇಳುತ್ತಲೇ ಇದ್ದಾರೆ: ಈ ಹೆಂಗಸು ಯಾಕೆ ಕದಿಯುತ್ತಾಳೆ? ಪ್ರತಿ ಕಾಲವೂ ತನಗೆ ಹೊಂದುವ ಉತ್ತರವನ್ನು ಅವಳ ಬಾಯಲ್ಲಿ ಹಾಕಿದೆ.

ಆ ಮೊದಲ ಕಥೆಯಲ್ಲಿ ಉತ್ತರವೇ ಇರಲಿಲ್ಲ. ಶ್ರೀಮಂತರ ವಿಹಾರ ನೌಕೆ. ಅದರಲ್ಲೊಬ್ಬಳು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡ ಮುದುಕಿ. ಪಚ್ಚೆಯ ಹಾರ ಕಳವಾಗುತ್ತದೆ. ಮುದುಕಿಯ ಬಣ್ಣ ಒರೆಸಿದರೆ ಒಳಗೆ ಸುಂದರ ತರುಣಿ, ಹಾರ ಇದ್ದದ್ದು ಬ್ಯಾಂಡೇಜಿನೊಳಗೆ. ಮುಖವಾಡವಿಲ್ಲ, ಬಾಲವಿಲ್ಲ, ಚಾಟಿಯಿಲ್ಲ. ಅವಳು ಬ್ಯಾಟ್‌ಮನ್‌ಗೆ ಪಾಲುದಾರಿಕೆಯನ್ನೇ ಮುಂದಿಡುತ್ತಾಳೆ. ಅವನು ಒಪ್ಪುವುದಿಲ್ಲ. ಆದರೆ ಅವಳು ನೀರಿಗೆ ಹಾರಿದಾಗ ಹಿಡಿಯಲು ಓಡಿದ ಶಿಷ್ಯ ರಾಬಿನ್‌ಗೆ ತಾನೇ ಅಡ್ಡ ಬರುತ್ತಾನೆ! ನ್ಯಾಯಪಾಲಕನೆನಿಸಿಕೊಂಡವನು ಕಳ್ಳಿಯನ್ನು ಬೇಕೆಂದೇ ಬಿಟ್ಟುಕೊಟ್ಟ ಈ ಒಂದು ಕ್ಷಣದಿಂದಲೇ ಮುಂದಿನ ಎಲ್ಲ ಕಥೆಗಳೂ ಚಿಗುರಿದವು ಎಂದರೆ ತಪ್ಪಾಗದು.

ಪಾತ್ರದ ಸೃಷ್ಟಿಕರ್ತರು ಚಿತ್ರಕಾರ ಬಾಬ್ ಕೇನ್ ಮತ್ತು ಲೇಖಕ ಬಿಲ್ ಫಿಂಗರ್. ಹಾಲಿವುಡ್ ನಟಿ ಜೀನ್ ಹಾರ್ಲೊ ಮನಸ್ಸಿನಲ್ಲಿದ್ದಳು ಎಂದು ಕೇನ್ ಮುಂದೆ ಹೇಳಿಕೊಂಡ. ಬೆಕ್ಕನ್ನೇ ಏಕೆ ಆರಿಸಿದ್ದೆಂದರೆ, ನಾಯಿ ಗಂಡಸಿನ ಹಾಗೆ ನಿಷ್ಠೆಯುಳ್ಳದ್ದು, ಬೆಕ್ಕು ಹೆಂಗಸಿನ ಹಾಗೆ ತಣ್ಣಗೆ ದೂರ ನಿಲ್ಲುವಂಥದ್ದು, ನಂಬಲು ಬಾರದ್ದು ಎಂಬ ಧಾಟಿಯ ವಿವರಣೆ ಅವನದು. ಬೆಕ್ಕು ಸಾಕಿದವರೂ ಹೆಂಗಸರೂ ಇದನ್ನು ಒಪ್ಪಲಿಕ್ಕಿಲ್ಲ. ಅದಿರಲಿ, ಮುಂದಿನ ಕೆಲವು ವರ್ಷಗಳಲ್ಲಿ ಅವಳಿಗೆ ಮೊದಲು ನಿಜವಾದ ಬೆಕ್ಕಿನ ತಲೆಯಂಥ ದೊಡ್ಡ ಮುಖವಾಡ, ಆಮೇಲೆ ನೇರಳೆ ಬಣ್ಣದ ನಿಲುವಂಗಿ, ಹಸಿರು ಮೇಲುಹೊದಿಕೆ, ಕೈಗೆ ಚಾಟಿ, ಇವೆಲ್ಲ ಬಂದವು.

ಯುದ್ಧ ಮುಗಿಯಿತು. ಗಂಡಸರು ರಣರಂಗದಿಂದ ಮರಳಿದರು, ಕಾರ್ಖಾನೆಗೆ ಹೋಗಿ ದುಡಿದಿದ್ದ ಹೆಂಗಸರನ್ನು ಅಡುಗೆಮನೆಗೆ ವಾಪಸು ಕಳಿಸಲಾಯಿತು. ಆಗಲೇ ನಮ್ಮ ಕಳ್ಳಿಗೂ ಮೊದಲ 'ವಿವರಣೆ' ಸಿಕ್ಕಿತು. 1950ರ ಕೊನೆಯಲ್ಲಿ ಬಂದ ಕಥೆಯ ಪ್ರಕಾರ ಅವಳ ನಿಜವಾದ ಹೆಸರು ಸೆಲಿನಾ ಕೈಲ್, ಉದ್ಯೋಗ ವಿಮಾನದ ಗಗನಸಖಿ. ವಿಮಾನ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಹಿಂದಿನದೆಲ್ಲ ಮರೆತುಹೋಗಿತ್ತು. ಅಪ್ಪ ಸಾಕುಪ್ರಾಣಿಗಳ ಅಂಗಡಿ ಇಟ್ಟಿದ್ದರಿಂದ ಬೆಕ್ಕುಗಳ ನೆನಪು ಮಾತ್ರ ಎಲ್ಲೋ ಉಳಿದಿತ್ತು. ಈಗ ಬ್ಯಾಟ್‌ಮನ್‌ನ ಜೀವ ಉಳಿಸಲು ಹೋಗಿ ತಲೆಗೆ ಇನ್ನೊಂದು ಪೆಟ್ಟು ಬಿದ್ದಿತು, ನೆನಪು ಮರಳಿತು, ಹತ್ತು ವರ್ಷದ ಕಳ್ಳತನ ಕನಸಿನಂತೆ ಕರಗಿತು! ನಮ್ಮ ಹಳೆಯ ಸಿನಿಮಾಗಳ ನಾಯಕರಿಗೂ ಇದೇ ವೈದ್ಯವಾಗಿತ್ತಲ್ಲವೇ? ಒಂದು ಹೆಣ್ಣು ತನ್ನ ಇಷ್ಟದಿಂದ ಕದ್ದಳು ಎನ್ನುವುದಕ್ಕಿಂತ ತಲೆ ಕೆಟ್ಟು ಕದ್ದಳು ಎನ್ನುವುದು ಆ ಕಾಲಕ್ಕೆ ಹಿತವಾಗಿತ್ತು.

ಸುಧಾರಣೆ ಹೆಚ್ಚು ದಿನ ಬಾಳಲಿಲ್ಲ. ಹಳೆಯ ಸೋಲುಗಳ ಕಥೆ ಪತ್ರಿಕೆಯಲ್ಲಿ ಅಚ್ಚಾಗಿ, ಜನ ಗೇಲಿ ಮಾಡಿದ್ದರಿಂದ ರೊಚ್ಚಿಗೆದ್ದು 1954ರಲ್ಲಿ ಅವಳು ಮತ್ತೆ ಮುಖವಾಡ ತೊಟ್ಟಳು. ಅದೇ ವರ್ಷ ಮಾಯವೂ ಆದಳು. ಹನ್ನೆರಡು ವರ್ಷ ಪತ್ತೆಯೇ ಇರಲಿಲ್ಲ.

1954 ಕಾಮಿಕ್ಸ್ ಲೋಕಕ್ಕೆ ಗ್ರಹಚಾರದ ವರ್ಷ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ಮಕ್ಕಳು ಕೆಡಲು ಈ ಪುಸ್ತಕಗಳೇ ಕಾರಣವೆಂದು ಗ್ರಂಥ ಬರೆದ. ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಈ ವರ್ಥಮ್ ಕೆಟ್ಟ ಮನುಷ್ಯನಲ್ಲ ಎಂಬುದನ್ನೂ ಹೇಳಬೇಕು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ 1946ರಲ್ಲಿ ಮಾನಸಿಕ ಚಿಕಿತ್ಸಾಲಯ ತೆರೆದವನು ಅವನೇ. ಆದರೆ ತನ್ನ ವಾದಕ್ಕೆ ಬೇಕಾದಂತೆ ಮಕ್ಕಳ ಹೇಳಿಕೆಗಳನ್ನು ಅವನು ತಿರುಚಿದ್ದನೆಂದು ಸಂಶೋಧಕಿ ಕರೋಲ್ ಟಿಲ್ಲಿ ಅವನ ಕಡತಗಳನ್ನೇ ತೆರೆದು 2012ರಲ್ಲಿ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಐವತ್ತೆಂಟು ವರ್ಷ ಕಳೆದಿತ್ತು.

ಸರ್ಕಾರ ಕಾನೂನು ತರುವ ಮೊದಲೇ ಪ್ರಕಾಶಕರು ತಾವಾಗಿಯೇ ಬೆಕ್ಕಿಗೆ ಗಂಟೆ ಕಟ್ಟಿಕೊಂಡರು. 'ಕಾಮಿಕ್ಸ್ ಕೋಡ್' ಎಂಬ ನಿಯಮಾವಳಿ ಬಂತು. ಅಪರಾಧಿಯ ಮೇಲೆ ಓದುಗನಿಗೆ ಸಹಾನುಭೂತಿ ಹುಟ್ಟಬಾರದು, ಎಲ್ಲ ಕಥೆಯಲ್ಲೂ ಒಳ್ಳೆಯದೇ ಗೆಲ್ಲಬೇಕು, ಹೆಂಗಸರ ಮೈಕಟ್ಟನ್ನು ಉತ್ಪ್ರೇಕ್ಷಿಸಿ ಬರೆಯಬಾರದು ಎಂದೆಲ್ಲ ಅದರಲ್ಲಿತ್ತು. ಕ್ಯಾಟ್‌ವುಮನ್ ಹೆಸರು ಅಲ್ಲಿಲ್ಲ. ಆದರೆ ನಾಯಕನೇ ಮನಸೋತು ಬಿಟ್ಟುಕೊಡುವ ಚೆಲುವೆ ಕಳ್ಳಿಗೆ ಅಂಥ ಮನೆಯಲ್ಲಿ ಜಾಗವೆಲ್ಲಿ? ಜೋಕರ್ ಮಾತ್ರ ಒಂದಿಷ್ಟು ಪಳಗಿ, ಕೀಟಲೆ ಮಾಡುವವನಾಗಿ ಉಳಿದುಕೊಂಡ.

ಅವಳನ್ನು ಮರಳಿ ತಂದದ್ದು ಟೆಲಿವಿಷನ್. 1966ರ ಜನವರಿಯಲ್ಲಿ ಶುರುವಾದ 'ಬ್ಯಾಟ್‌ಮನ್' ಧಾರಾವಾಹಿ ಎಲ್ಲವನ್ನೂ ತಮಾಷೆಯಾಗಿಸಿತು. ಅದರಲ್ಲಿ ಎತ್ತರದ ನಿಲುವಿನ ನರ್ತಕಿ ಜೂಲಿ ನ್ಯೂಮಾರ್ ಕಪ್ಪು ಮೈಬಿಗಿ ಉಡುಪು ತೊಟ್ಟು ಬಂದಳು. ಇವಳು ಕದಿಯುವುದು ಕದಿಯುವ ಸುಖಕ್ಕೆ, ಅಷ್ಟೇ. ತಲೆಗೆ ಪೆಟ್ಟಿಲ್ಲ, ಕಣ್ಣೀರಿಲ್ಲ, ಸಬೂಬಿಲ್ಲ. 1966ರ ಸಿನಿಮಾದಲ್ಲಿ ಆ ಪಾತ್ರ ಲೀ ಮೆರಿವೆದರ್ ಪಾಲಾಯಿತು. ಮೂರನೆಯ ಸರಣಿಯ ಹೊತ್ತಿಗೆ ನ್ಯೂಮಾರ್ 'ಮೆಕೆನ್ನಾಸ್ ಗೋಲ್ಡ್' ಚಿತ್ರೀಕರಣದಲ್ಲಿದ್ದಳು. ಆ ಚಿತ್ರ ಭಾರತದಲ್ಲಿ ಭಾರಿ ಜನಪ್ರಿಯವಾಗಿ ಓಡಿದ್ದು ಹಿರಿಯರಿಗೆ ನೆನಪಿರಬಹುದು. ತೆರವಾದ ಜಾಗಕ್ಕೆ 1967ರಲ್ಲಿ ಬಂದವಳು ಗಾಯಕಿ ಅರ್ಥಾ ಕಿಟ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ದಕ್ಷಿಣ ಕೆರೊಲಿನಾದ ಹತ್ತಿ ಹೊಲಗಳ ನಡುವೆ ಕಡುಬಡತನದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು ಕಿಟ್. ಬೆಕ್ಕು ಗುರುಗುಟ್ಟುವಂತೆ ನಾಲಿಗೆ ಹೊರಳಿಸಿ 'ರ'ಕಾರ ಎಳೆಯುವ ಅವಳ ಮಾತಿನ ಶೈಲಿಯನ್ನು ಜನ ಇವತ್ತಿಗೂ ಅನುಕರಿಸುತ್ತಾರೆ. ಆದರೆ ಅವಳು ಬಂದ ಮೇಲೆ ಒಂದು ಬದಲಾವಣೆ ಸದ್ದಿಲ್ಲದೆ ಆಯಿತು. ನ್ಯೂಮಾರ್ ಕಾಲದಲ್ಲಿ ಕಳ್ಳಿಗೂ ಬ್ಯಾಟ್‌ಮನ್‌ಗೂ ನಡೆಯುತ್ತಿದ್ದ ಸರಸ ನಿಂತುಹೋಯಿತು. ಕಪ್ಪು-ಬಿಳಿಯರ ಮದುವೆಯನ್ನು ನಿಷೇಧಿಸುವ ರಾಜ್ಯ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೇ 1967ರ ಜೂನ್‌ನಲ್ಲಿ ಎಂಬುದನ್ನು ನೆನೆದರೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಕಿಟ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 1968ರ ಜನವರಿಯಲ್ಲಿ ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಶ್ವೇತಭವನದಲ್ಲಿ ಮಹಿಳೆಯರಿಗೆ ಭೋಜನಕೂಟ ಏರ್ಪಡಿಸಿದ್ದರು. ಬೀದಿಗಳಲ್ಲಿ ಅಪರಾಧ ತಡೆಯುವುದು ಹೇಗೆಂಬುದು ಚರ್ಚೆಯ ವಿಷಯ. ಕಿಟ್ ಎದ್ದು ನಿಂತು, ಯುವಕರು ದಂಗೆ ಏಳುತ್ತಿರುವುದಕ್ಕೆ ಕಾರಣ ವಿಯೆಟ್ನಾಂ ಯುದ್ಧ ಎಂದು ಆತಿಥೇಯರ ಮುಖಕ್ಕೇ ಹೇಳಿಬಿಟ್ಟಳು. ಆಮೇಲೆ ಅಮೆರಿಕದಲ್ಲಿ ಅವಳಿಗೆ ಅವಕಾಶಗಳು ಬತ್ತಿದವು. ವರ್ಷಗಟ್ಟಲೆ ಯುರೋಪಿನಲ್ಲಿ ಹಾಡಿ ಬದುಕಬೇಕಾಯಿತು. ಸಿಐಎ ಅವಳ ಖಾಸಗಿ ಬದುಕನ್ನು ಕೆದಕಿ ಕಡತ ಮಾಡಿತ್ತೆಂಬುದು 1975ರಲ್ಲಿ ಬಯಲಾಯಿತು. ತೆರೆಯ ಮೇಲೆ ಖಳನಾಯಕಿಯಾಗಿ ಎಲ್ಲರನ್ನೂ ರಂಜಿಸಿದವಳು ಖಳನಾಯಕಿಯ ಶಿಕ್ಷೆಯನ್ನು ಪಡೆದದ್ದು ಮಾತ್ರ ನಿಜ ಹೇಳಿದ್ದಕ್ಕೆ.

ಮತ್ತೆ ಕಾಮಿಕ್ಸ್‌ಗೆ ಬರೋಣ. 1977ರಲ್ಲಿ ಡಿಸಿ ಸಂಸ್ಥೆ ಪ್ರಕಟಿಸಿದ ಕಥೆಯೊಂದರಲ್ಲಿ, ಇನ್ನೊಂದು ಸಮಾನಾಂತರ ಭೂಮಿಯ ಮೇಲೆ, ಸೆಲಿನಾ ಮತ್ತು ಬ್ಯಾಟ್‌ಮನ್ ಮದುವೆಯಾಗಿ ಹೆಲೆನಾ ಎಂಬ ಮಗಳನ್ನು ಹೆತ್ತಿದ್ದರು. ಸಂಸಾರಸ್ಥೆಯಾದ ಸೆಲಿನಾ ಹಳೆಯ ಸಂಗಾತಿಯೊಬ್ಬನ ಬೆದರಿಕೆಗೆ ಸಿಕ್ಕಿ ಮತ್ತೆ ವೇಷ ತೊಟ್ಟು ಸಾಯುತ್ತಾಳೆ. ಮಗಳು ನಾಯಕಿಯಾಗಬೇಕಾದರೆ ತಾಯಿ ಸಾಯಬೇಕೆಂಬ ಲೆಕ್ಕ.

ಇದಕ್ಕಿಂತ ಎಷ್ಟೋ ಮೇಲಿನದು 1983ರಲ್ಲಿ ಲೇಖಕ ಅಲನ್ ಬ್ರೆನರ್ಟ್ ಬರೆದ ಕಥೆ. ಅದೇ ಸಮಾನಾಂತರ ಭೂಮಿಯ, ವಯಸ್ಸಾಗುತ್ತಿರುವ ಸೆಲಿನಾ ಇಲ್ಲಿ ಬಾಯಿಬಿಡುತ್ತಾಳೆ. ವಿಮಾನವೂ ಇಲ್ಲ, ಮರೆವೂ ಇಲ್ಲ. ಅಪರಾಧದ ಬದುಕು ಸಾಕಾಗಿ, ಹೊರಬರಲು ತಾನೇ ಕಟ್ಟಿದ ಸುಳ್ಳು ಅದು. ನಿಜವೇನೆಂದರೆ ಅವಳು ಹೊಡೆಯುವ ಗಂಡನ ಕೈಗೆ ಸಿಕ್ಕಿದ್ದ ಹೆಂಡತಿ. ಅವನನ್ನು ಬಿಟ್ಟು ಬರುವಾಗ ಅವಳ ಒಡವೆಗಳು ಅವನ ತಿಜೋರಿಯಲ್ಲೇ ಉಳಿದವು. ಒಂದು ರಾತ್ರಿ ನುಗ್ಗಿ ತನ್ನದನ್ನು ತಾನೇ ಕದ್ದಳು. ಹಾಗೆ ಕದ್ದಾಗ ಖುಷಿಯಾಯಿತು, ಅದನ್ನೇ ಮುಂದುವರಿಸಿದಳು. ಮೂವತ್ತು ವರ್ಷ ಹಿಂದಿನ ಪೆದ್ದು ಕಥೆಯನ್ನು ಅಳಿಸದೆ, ಅದನ್ನು ಒಬ್ಬ ಹೆಂಗಸು ಮರ್ಯಾದೆ ಉಳಿಸಿಕೊಳ್ಳಲು ಹೇಳಿದ ಸುಳ್ಳನ್ನಾಗಿ ಮಾಡಿದ ಜಾಣ್ಮೆ ಮೆಚ್ಚುವಂಥದ್ದು. ಮರೆತುಹೋಗಿದೆ ಎಂದು ಹೇಳಿ ಹಳೆಯ ಏಟುಗಳನ್ನು ಮುಚ್ಚಿಟ್ಟ ಹೆಂಗಸರು ಕಾಮಿಕ್ಸ್‌ನಲ್ಲಿ ಮಾತ್ರ ಇದ್ದಾರೆಯೇ?

ಇದೂ ಉಳಿಯಲಿಲ್ಲ. 1980ರ ದಶಕದ ನಡುವೆ ಡಿಸಿ ತನ್ನ ಸಮಾನಾಂತರ ಭೂಮಿಗಳನ್ನೆಲ್ಲ ಒರೆಸಿಹಾಕಿ ಲೆಕ್ಕ ಹೊಸದಾಗಿ ಬರೆಯಿತು. 1987ರ 'ಬ್ಯಾಟ್‌ಮನ್: ಇಯರ್ ಒನ್' ಕಥೆಯಲ್ಲಿ ಲೇಖಕ ಫ್ರಾಂಕ್ ಮಿಲ್ಲರ್ ಮತ್ತು ಚಿತ್ರಕಾರ ಡೇವಿಡ್ ಮಜುಕೆಲ್ಲಿ ಸೆಲಿನಾಳನ್ನು ಗಾಥಮ್ ನಗರದ ಕೊಳಕು ಬೀದಿಯ ವೇಶ್ಯೆಯಾಗಿ ಚಿತ್ರಿಸಿದರು. ಹಾಲಿ ಎಂಬ ಎಳೆಯ ಹುಡುಗಿಯನ್ನು ಜೊತೆಗಿಟ್ಟುಕೊಂಡು ಬದುಕುವ ಈಕೆ ಬ್ಯಾಟ್‌ಮನ್‌ನನ್ನು ಕಂಡ ಮೇಲೆ ತಾನೂ ವೇಷ ಕಟ್ಟುತ್ತಾಳೆ. ಇದರ ಬಗ್ಗೆ ಬಹಳ ಟೀಕೆ ಬಂತು. ಗಂಡಸಿಗೆ ವೇಷ ತೊಡಲು ತಂದೆತಾಯಿಯ ಕೊಲೆ ಸಾಕು, ಹೆಣ್ಣಿಗಾದರೆ ಮೈಮಾರಾಟವೇ ಆಗಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಕಥೆಯಲ್ಲಿ ಒಂದು ಸೊಗಸಾದ ವಿವರವಿದೆ. ಅವಳು ಕಷ್ಟಪಟ್ಟು ಮಾಡಿದ ಕಳವನ್ನು ಸುದ್ದಿಯವರು 'ಬ್ಯಾಟ್‌ಮನ್‌ನ ಸಹಾಯಕಿ'ಯ ಕೆಲಸ ಎನ್ನುತ್ತಾರೆ. ಅವಳಿಗೆ ಉರಿದುಹೋಗುತ್ತದೆ.

1992ರಲ್ಲಿ ಟಿಮ್ ಬರ್ಟನ್ ನಿರ್ದೇಶಿಸಿದ 'ಬ್ಯಾಟ್‌ಮನ್ ರಿಟರ್ನ್ಸ್' ಇನ್ನೊಂದು ಉತ್ತರ ಕೊಟ್ಟಿತು. ಮಿಶೆಲ್ ಫೈಫರ್ ಅಭಿನಯದ ಸೆಲಿನಾ ಇಲ್ಲಿ ಕಚೇರಿಯ ಕಾರ್ಯದರ್ಶಿ. ಯಜಮಾನನಿಗೆ ಕಾಫಿ ಕೊಡುವುದು, ಬೈಸಿಕೊಳ್ಳುವುದು, ಒಂಟಿ ಮನೆಗೆ ಮರಳುವುದು ಅವಳ ದಿನಚರಿ. ಅವನ ಗುಟ್ಟು ತಿಳಿದಳೆಂದು ಅವನು ಅವಳನ್ನು ಕಿಟಕಿಯಿಂದ ತಳ್ಳುತ್ತಾನೆ. ಬೀದಿ ಬೆಕ್ಕುಗಳು ಸುತ್ತ ಸೇರಿದಾಗ ಎದ್ದು ಮನೆಗೆ ಬಂದವಳು ತನ್ನದೇ ಹೊಳೆಯುವ ಕೋಟನ್ನು ಕತ್ತರಿಸಿ, ದಪ್ಪ ಬಿಳಿ ದಾರದಲ್ಲಿ ಹೊಲಿದು ಉಡುಪು ಮಾಡಿಕೊಳ್ಳುತ್ತಾಳೆ. ಬೆಕ್ಕಿಗೆ ಒಂಬತ್ತು ಜೀವ ಎಂಬ ಇಂಗ್ಲಿಷರ ನಂಬಿಕೆಯಂತೆ ಕಳೆದುಕೊಂಡ ಜೀವಗಳನ್ನು ಎಣಿಸುತ್ತಲೇ ಸೇಡು ತೀರಿಸಿಕೊಳ್ಳುತ್ತಾಳೆ. ಆ ಎದ್ದು ಕಾಣುವ ಹೊಲಿಗೆಗಳೇ ಪಾತ್ರದ ಒಡೆದ ಮನಸ್ಸನ್ನು ಹೇಳಿದವು.

ಚಿತ್ರದ ಯಶಸ್ಸಿನ ಹಿಂದೆಯೇ 1993ರಲ್ಲಿ ಅವಳಿಗೆ ಸ್ವಂತ ಮಾಸಿಕ ಸಿಕ್ಕಿತು. ಹುಟ್ಟಿ ಐವತ್ತಮೂರು ವರ್ಷದ ಮೇಲೆ! ಮೊದಲ ಸಂಚಿಕೆಗಳನ್ನು ಬರೆದವಳು ಮೇರಿ ಜೋ ಡಫಿ ಎಂಬ ಲೇಖಕಿ, ಚಿತ್ರ ಬರೆದವನು ಜಿಮ್ ಬೇಲೆಂಟ್. ಬೇಲೆಂಟ್ 1999ರವರೆಗೆ ಎಳೆದ ಆ ನೇರಳೆ ಉಡುಪಿನ ದೇಹ ಹಿಂದಿನ ನಿಯಮಾವಳಿ ನಿಷೇಧಿಸಿದ್ದ ಉತ್ಪ್ರೇಕ್ಷೆಯನ್ನೇ ಮುಖ್ಯ ಆಕರ್ಷಣೆ ಮಾಡಿಕೊಂಡಿತ್ತು. ನಿಷೇಧಿಸಿದವರೂ ಅವಳ ಮೈಯನ್ನೇ ನೋಡಿದರು, ಬಿಡುಗಡೆ ಮಾಡಿದವರೂ ಅದನ್ನೇ ನೋಡಿದರು.

2002ರ ಹೊಸ ಮಾಲೆಯಲ್ಲಿ ಲೇಖಕ ಎಡ್ ಬ್ರುಬೇಕರ್, ಚಿತ್ರಕಾರ ಡಾರ್ವಿನ್ ಕುಕ್ ಅವಳಿಗೆ ಗಿಡ್ಡ ಕೂದಲು, ಓಡಲು ಬರುವಂಥ ಬೂಟು, ಕಣ್ಣಿಗೆ ದೊಡ್ಡ ಕನ್ನಡಕ, ಜಿಪ್ ಇರುವ ಚರ್ಮದ ಉಡುಪು ಕೊಟ್ಟರು. ನಿಜವಾದ ಕಳ್ಳಿ ಗೋಡೆ ಹತ್ತಲು ತೊಡಬಹುದಾದ ಬಟ್ಟೆ ಸಿಕ್ಕಿದ್ದು ಆಗಲೇ ಎನ್ನಬಹುದು. ಪೊಲೀಸರೂ ಬ್ಯಾಟ್‌ಮನ್‌ನೂ ತಿರುಗಿ ನೋಡದ ಬಡ ಬಡಾವಣೆಯನ್ನು, ಅಲ್ಲಿನ ಬೀದಿ ಹೆಂಗಸರನ್ನು ಅವಳು ಕಾಯತೊಡಗುತ್ತಾಳೆ. ಹಾಲಿಯೂ ಮರಳಿ ಬಂದಳು. ತಮಾಷೆಯೆಂದರೆ 1988ರ ಕಥೆಯೊಂದರಲ್ಲಿ ಆ ಹುಡುಗಿ ಸತ್ತಿದ್ದಳು. ಅದು ಬ್ರುಬೇಕರ್‌ಗೆ ಗೊತ್ತೇ ಇರಲಿಲ್ಲ!

2004ರ ಸಿನಿಮಾ ಬಗ್ಗೆ ಹೆಚ್ಚು ಹೇಳುವುದು ಬೇಡ. ಹ್ಯಾಲಿ ಬೆರಿ ನಾಯಕಿಯಾಗಿದ್ದ ಅದರಲ್ಲಿ ಸೆಲಿನಾ ಹೆಸರೂ ಇಲ್ಲ, ಬ್ಯಾಟ್‌ಮನ್‌ನೂ ಇಲ್ಲ. ಅತಿ ಕೆಟ್ಟ ನಟಿಯೆಂಬ ಕುಚೋದ್ಯದ ರ್‍ಯಾಝಿ ಪ್ರಶಸ್ತಿಯನ್ನು ಬೆರಿ 2005ರಲ್ಲಿ ಖುದ್ದಾಗಿ ಹೋಗಿ ಸ್ವೀಕರಿಸಿದಳು, ಇನ್ನೊಂದು ಕೈಯಲ್ಲಿ 2002ರಲ್ಲಿ ಗೆದ್ದ ಆಸ್ಕರ್ ಹಿಡಿದುಕೊಂಡು. ಆ ಒಂದು ಸಂಜೆ ಇಡೀ ಚಿತ್ರಕ್ಕಿಂತ ಚೆನ್ನಾಗಿತ್ತು.

2017ರಲ್ಲಿ ಲೇಖಕ ಟಾಮ್ ಕಿಂಗ್ ಬ್ಯಾಟ್‌ಮನ್ ಕೈಯಲ್ಲಿ ಉಂಗುರ ಹಿಡಿಸಿ ಸೆಲಿನಾ ಮುಂದೆ ನಿಲ್ಲಿಸಿದ. ಅವಳು ಒಪ್ಪಿದಳು. ಇವರಿಬ್ಬರಿಗೂ ಒಂದು ತಮಾಷೆಯ ಜಗಳವಿದೆ: ಮೊದಲು ಭೇಟಿಯಾದದ್ದು ಎಲ್ಲಿ? ಒಬ್ಬರು 'ಹಡಗಿನಲ್ಲಿ' ಎಂದರೆ ಇನ್ನೊಬ್ಬರು 'ಬೀದಿಯಲ್ಲಿ' ಎನ್ನುತ್ತಾರೆ. ಹಡಗು 1940ರದು, ಬೀದಿ 1987ರದು. ಲೇಖಕರ ಗೊಂದಲ ಈಗ ದಂಪತಿಯಾಗಲಿರುವವರ ಕಿತ್ತಾಟವಾಗಿತ್ತು. 2018ರ ಜುಲೈಯಲ್ಲಿ ಐವತ್ತನೆಯ ಸಂಚಿಕೆಗೆ ಮದುವೆ ನಿಗದಿಯಾಯಿತು. ಪುಸ್ತಕ ಬರುವ ಮೊದಲೇ 'ನ್ಯೂಯಾರ್ಕ್ ಟೈಮ್ಸ್' ಗುಟ್ಟು ಹೊರಹಾಕಿತು: ವಧು ಬರಲಿಲ್ಲ. ಸುಖಿಯಾದ ಬ್ಯಾಟ್‌ಮನ್ ಬ್ಯಾಟ್‌ಮನ್ ಆಗಿ ಉಳಿಯಲಾರ, ಊರಿಗೆ ಅವನು ಬೇಕು ಎಂದು ಅವಳು ಹಿಂದೆ ಸರಿದಿದ್ದಳು. ಓದುಗರು ಸಿಟ್ಟಾದರು. ಹಾರ ಕದ್ದು ಪಾಲುದಾರಿಕೆಗೆ ಕರೆದಿದ್ದವಳ ಕೈಯಿಂದ ಈಗ ಊರಿಗಾಗಿ ತ್ಯಾಗ ಮಾಡಿಸಿದ್ದು ಹಳೆಯ ಅಭಿಮಾನಿಗಳಿಗೆ ಒಗ್ಗದಿದ್ದರೆ ಆಶ್ಚರ್ಯವೇನಿಲ್ಲ.

2022ರ 'ದಿ ಬ್ಯಾಟ್‌ಮನ್' ಚಿತ್ರದಲ್ಲಿ ಜೋಯಿ ಕ್ರಾವಿಟ್ಜ್ ಮಾಡಿದ ಸೆಲಿನಾ ಪಾತಕಿಗಳ ಕ್ಲಬ್ಬಿನಲ್ಲಿ ಪೇಯ ಹಂಚುವವಳು. ಕಾಣೆಯಾದ ಗೆಳತಿಯನ್ನು ಹುಡುಕುತ್ತಿದ್ದಾಳೆ. ಮುಖಕ್ಕೆ ಚಳಿಯ ಟೋಪಿಯಂಥದ್ದೊಂದು ಮುಸುಕು, ಅದರ ಎರಡು ಮೂಲೆ ಬೆಕ್ಕಿನ ಕಿವಿಯಂತೆ ಎದ್ದಿವೆ ಅಷ್ಟೇ. ಕೊನೆಗೆ ಗಾಥಮ್ ಎಂದೂ ಸುಧಾರಿಸದು, ಬಾ ಹೋಗೋಣ ಎಂದು ಅವನನ್ನು ಕರೆಯುತ್ತಾಳೆ. ಅವನು ಬರುವುದಿಲ್ಲ. ಇಬ್ಬರೂ ಮೋಟರ್‌ಸೈಕಲ್ ಹತ್ತುತ್ತಾರೆ, ಸ್ವಲ್ಪ ದೂರ ಜೊತೆಗೆ ಹೋಗುತ್ತಾರೆ. ರಸ್ತೆ ಕವಲೊಡೆದಲ್ಲಿ ಅವಳು ಊರಿನ ಹೊರದಾರಿ ಹಿಡಿಯುತ್ತಾಳೆ.