ಮೂಲೆಯ ಕಂಪ್ಯೂಟರಿಗೆ ಹೊಸ ಕರ್ನಲ್



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೇಷ್ಮೆ ಬಲ್ಲ ಜನರಿಗೆ ತ್ಯಾಜ್ಯವೆಂಬ ಪದದ ಅರ್ಥವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಸಿಕ್ಕು ಎಳೆಗಳನ್ನು ಬಾಚಿ ಮತ್ತೆ ನೂಲಾಗಿಸುವುದಕ್ಕೆಂದೇ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ಸ್ಥಾಪನೆಯಾಗಿತ್ತು. ಅದೇ ಸೀಮೆಯಲ್ಲಿ, ಮನೆಯ ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರನ್ನು ಗುಜರಿಗೆ ಹಾಕಲು ಮಾತ್ರ ಯಾರೂ ಎರಡು ಸಲ ಯೋಚಿಸುವುದಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಬಯಸುವ ಪ್ರೊಸೆಸರ್, ಭದ್ರತಾ ಚಿಪ್ ಇಲ್ಲದ ಯಂತ್ರಗಳು ಕೆಟ್ಟಿಲ್ಲ. ಅವುಗಳ ತಂತ್ರಾಂಶದ ಆಯುಸ್ಸು ಮುಗಿದಿದೆ, ಅಷ್ಟೆ. ಈ ಭೇದವನ್ನು ಅರಿಯದಿದ್ದರೆ ನಡೆಯಬಲ್ಲ ಯಂತ್ರವೂ ಇ-ತ್ಯಾಜ್ಯವಾಗುತ್ತದೆ. ಅದರ ತಂತಿ, ಬೋರ್ಡುಗಳನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುವಲ್ಲಿ ಸೀಸ ಮೊದಲಾದ ವಿಷಗಳು ಮಣ್ಣಿಗೂ ಉಸಿರಿಗೂ ಸೇರುತ್ತವೆ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ಲಿನ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿದೆ. ಯಂತ್ರಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ನಡೆಸುವ ತಿರುಳೇ ಕರ್ನಲ್. ಜಗತ್ತಿನ ಸಾವಿರಾರು ಸಾಧನಗಳಿಗೆ ಬೇಕಾದುದೆಲ್ಲ ಅದರಲ್ಲಿರುತ್ತದೆ. ಒಂದು ಯಂತ್ರಕ್ಕೆ ಬೇಕಾದುದು ಕೆಲವು ಮಾತ್ರ. ಬೇಕಾದುದನ್ನಷ್ಟೇ ಆಯ್ದು ಕಟ್ಟಿಕೊಳ್ಳುವ ಸ್ವಾತಂತ್ರ್ಯ ಇಲ್ಲಿದೆ.

ಪ್ರಯೋಗಕ್ಕೆ ದಿನಬಳಕೆಯ ಯಂತ್ರ ಸಲ್ಲದು. ಬಿಡುವಾಗಿರುವ ಯಂತ್ರದಿಂದ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಬೇಕು. ಪ್ರೊಸೆಸರ್ 64-ಬಿಟ್ ಹೌದೇ ಎಂದು ನೋಡಬೇಕು; 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13, 32-ಬಿಟ್ ಇಂಟೆಲ್ ಯಂತ್ರಗಳಿಗೆ ಅನುಸ್ಥಾಪಕವನ್ನು ನೀಡುತ್ತಿಲ್ಲ. ಲಿನಕ್ಸ್ ಹಾಕಿದ ಬಳಿಕ ಪ್ರಿಂಟರ್, ಪೆನ್‌ಡ್ರೈವ್, ಸ್ಪೀಕರ್ ಎಲ್ಲವನ್ನೂ ಜೋಡಿಸಿ, ಕರ್ನಲ್ಲಿನ ಮೂಲಸಂಕೇತವಿರುವ ಕಡತಕೋಶದಲ್ಲಿ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆಜ್ಞೆ ನೀಡಬೇಕು. ಆ ಕ್ಷಣದಲ್ಲಿ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ಜೋಡಿಸಲು ಮರೆತ ಪ್ರಿಂಟರಿಗೆ ಹೊಸ ಕರ್ನಲ್ಲಿನಲ್ಲಿ ಜಾಗವಿಲ್ಲದೆ ಹೋದೀತು!

ಕಟ್ಟುವ ಕೆಲಸ ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ (ಹಳ್ಳಿಗಳಲ್ಲಿ ಹೋಗದಿರುವುದುಂಟೆ?) ಎಲ್ಲವೂ ವ್ಯರ್ಥವಾಗುವುದಿಲ್ಲ, ‘ಮೇಕ್’ ಸಾಮಾನ್ಯವಾಗಿ ಮುಗಿದುದನ್ನು ಬಿಟ್ಟು ಉಳಿದುದನ್ನು ಮುಂದುವರಿಸುತ್ತದೆ. ಹಳೆಯ ಕರ್ನಲನ್ನು ಅಳಿಸಬಾರದು. ಹೊಸದು ಏಳದಿದ್ದರೆ ಗ್ರಬ್ ಪಟ್ಟಿಯಿಂದ ಹಳೆಯದನ್ನು ಆಯ್ದು ಮರಳಬಹುದು.

ಇಷ್ಟರಿಂದಲೇ ಯಂತ್ರ ಕುದುರೆಯಂತೆ ಓಡುವುದೆಂಬ ಭ್ರಮೆ ಬೇಡ. ಸ್ಮೃತಿಯನ್ನು ಹೆಚ್ಚಾಗಿ ನುಂಗುವುದು ಬ್ರೌಸರು, ಕರ್ನಲ್ ಅಲ್ಲ. ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ, ಹಗುರವಾದ ಡೆಸ್ಕ್‌ಟಾಪ್, ಒಂದಿಷ್ಟು ರ‍್ಯಾಮ್ ಹೆಚ್ಚಿನ ಫಲ ನೀಡುತ್ತವೆ. ಅಲ್ಲದೆ ತಾವೇ ಕಟ್ಟಿದ ಕರ್ನಲ್ಲಿಗೆ ಭದ್ರತಾ ತಿದ್ದುಪಡಿ ತಾನಾಗಿ ಬರುವುದಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಕಟ್ಟಬೇಕು. ಅಷ್ಟು ಬಿಡುವಿಲ್ಲದವರು ಡೆಬಿಯನ್ ಕೊಡುವ ಸಿದ್ಧ ಕರ್ನಲನ್ನೇ ಬಳಸುವುದು ಲೇಸು. ಯಂತ್ರ ಗುಜರಿಗೆ ಹೋಗದಂತೆ ತಡೆಯಲು ಅದೂ ಸಾಕು.

ನಿಜವಾಗಿಯೂ ಸತ್ತ ಯಂತ್ರವಿದ್ದರೆ ಅದರ ರ‍್ಯಾಮ್, ವಿದ್ಯುತ್ ಘಟಕಗಳನ್ನು ಇನ್ನೊಂದಕ್ಕೆ ತೆಗೆದಿಟ್ಟುಕೊಂಡು, ಉಳಿದುದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಕಾರರಿಗೆ ತಲುಪಿಸಬೇಕು. ಹಾರ್ಡ್‌ಡಿಸ್ಕಿನಲ್ಲಿರುವುದನ್ನು ಅದಕ್ಕೆ ಮೊದಲೇ ಪೂರ್ಣವಾಗಿ ಅಳಿಸಬೇಕು.